ಬಾಗಿಲಲ್ಲಿ ಹಿಡಿಸದ ಸಂದೂಕ

ಗಟ್ಟಿ ಸಾಮಾನಿನ ದೊಡ್ಡ ದೋಷವೆಂದರೆ ಅದು ಹಾಳಾಗುವುದಿಲ್ಲ. ಹಾಳಾಗುವ ಸಾಮಾನಿನಲ್ಲಿ ಒಂದು ಬಗೆಯ ಸೌಜನ್ಯವಿರುತ್ತದೆ. ಕೆಲವು ದಿನ ನಮ್ಮ ಸೇವೆ ಮಾಡಿ, ಬಿರುಕು ಬಿಟ್ಟು, ತಾನಾಗಿಯೇ ಮನೆಯಿಂದ ಹೊರಡುತ್ತದೆ. ನಾವೂ ಒಂದು ಸಲ ಅಯ್ಯೋ ಎಂದು ಸುಮ್ಮನಾಗುತ್ತೇವೆ. ಈಚೆಗೆ ಸಂತೆಗೆ ಬರುತ್ತಿರುವ ಪ್ಲಾಸ್ಟಿಕ್ ಬಕೀಟನ್ನೇ ನೋಡಿ. ಬಿಸಿ ನೀರು ಸುರಿದರೆ ಸೊಟ್ಟಗಾಗುತ್ತದೆ, ಬಿಸಿಲಿಗಿಟ್ಟರೆ ಸೀಳುತ್ತದೆ. ಜರ್ಮನ್ ಎಂದು ಮಾರುವ ಹಗುರವಾದ ಅಲ್ಯುಮಿನಿಯಂ ಬೋಗುಣಿಯಂತೂ ಸಿಟ್ಟಿನಿಂದ ನೋಡಿದರೂ ನೆಗ್ಗುತ್ತದೆ. ಆದರೆ ನಮ್ಮ ಹಿರಿಯರು ಮಾಡಿಸಿಟ್ಟ ವಸ್ತುಗಳಿಗೆ ಈ ಮರ್ಯಾದೆ ಗೊತ್ತಿಲ್ಲ. ನಮ್ಮ ಮನೆಯ ಕಬ್ಬಿಣದ ಹೆಂಚಿನ ಮೇಲೆ ಅಜ್ಜಿ ರೊಟ್ಟಿ ಸುಟ್ಟಳು, ಅವ್ವ ಸುಟ್ಟಳು, ಈಗ ನನ್ನ ಹೆಂಡತಿ ಸುಡುತ್ತಾಳೆ. ನಡುವೆ ಇಷ್ಟು ಜನ ಬಂದು ಹೋದದ್ದು ಆ ಹೆಂಚಿಗೆ ಗೊತ್ತಾದಂತೆಯೇ ಕಾಣುವುದಿಲ್ಲ. ಅಪ್ಪನ ಹಿತ್ತಾಳೆ ತಂಬಿಗೆ ಒಮ್ಮೆ ಬಾವಿಗೆ ಬಿದ್ದು, ಒಂದು ಬೇಸಿಗೆಯೆಲ್ಲ ಅಲ್ಲೇ ಇದ್ದು, ಹೂಳು ತೆಗೆಯುವಾಗ ಮೇಲೆ ಬಂದು, ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಕೆಲಸಕ್ಕೆ ಹಾಜರಾಯಿತು. ಇಂಥ ವಸ್ತುಗಳ ನಡುವೆ ಬೆಳೆದವನು ನಾನು. ಆದರೂ ನನ್ನ ಹೆಂಡತಿಯ ಸಂದೂಕದ ಮುಂದೆ ಈ ಹೆಂಚು ತಂಬಿಗೆಗಳೆಲ್ಲ ಏನೂ ಅಲ್ಲ ಎಂದು ಮೊದಲೇ ಒಪ್ಪಿಕೊಂಡು ಬಿಡುತ್ತೇನೆ.

ಸಂದೂಕವೆಂದರೆ ಮರದ ದೊಡ್ಡ ಪೆಟ್ಟಿಗೆ. ಚಡಚಣದಲ್ಲಿ ಬೆಲ್ಲದ ವ್ಯಾಪಾರ ಮಾಡುವ ನನ್ನ ಮಾವನವರು, ಯಾವುದೋ ಹಳೆಯ ವಾಡೆ ಕೆಡವಿದಾಗ ಸಿಕ್ಕ ಸಾಗವಾನಿ ತೊಲೆಗಳನ್ನು ಕೊಯ್ಯಿಸಿ ಮಗಳ ಮದುವೆಗೆಂದು ಅದನ್ನು ಮಾಡಿಸಿದರು. ಮಾಡಿಸುವಾಗ ಬಡಿಗನಿಗೆ ಅವರು ಹೇಳಿದ್ದು ಒಂದೇ ಮಾತಂತೆ: "ನಾ ಸತ್ತ ಮ್ಯಾಲೂ ಇರಬೇಕು." ಮಾವನವರು ದೇವರ ದಯೆಯಿಂದ ಇನ್ನೂ ಗಟ್ಟಿಯಾಗಿದ್ದಾರೆ. ಸಂದೂಕ ಅವರಿಗಿಂತ ಗಟ್ಟಿಯಾಗಿದೆ. ಅದರೊಳಗೆ ಹಾಸಿಗೆ, ಕೌದಿ, ಇಳಕಲ್ ಸೀರೆ, ಸಂಕ್ರಾಂತಿಯ ಎಳ್ಳು, ಇನ್ನೂ ಏನೇನೋ ಇರುತ್ತವೆ. ಮೇಲೆ ಜಮಖಾನೆ ಹಾಸಿದರೆ ಬಂದವರು ಮಲಗುತ್ತಾರೆ. ಒಮ್ಮೆ ನಮ್ಮ ಕಚೇರಿಯ ಮಾಮಲೇದಾರ ಸಾಹೇಬರು ಮನೆಗೆ ಬಂದಾಗ ಕುರ್ಚಿ ಇಲ್ಲದ್ದರಿಂದ ಅದರ ಮೇಲೆಯೇ ಕೂತು ಚಹಾ ಕುಡಿದರು. ಕೂತವರು ಕೈಯಿಂದ ಎರಡು ಸಲ ತಟ್ಟಿ ನೋಡಿ, "ಕಚೇರಿ ಕಟ್ಟಡಾ ಹಿಂಗ ಕಟ್ಟಿದ್ರ ಚೊಲೊ ಇತ್ತು" ಎಂದು ನಿಟ್ಟುಸಿರುಬಿಟ್ಟರು.

ಇದರಲ್ಲಿ ಕಬ್ಬಿಣದ ಒಂದು ಮೊಳೆಯೂ ಇಲ್ಲ. ನಾಲ್ಕು ಮೂಲೆಗೆ ನಾಲ್ಕು ಮರದ ಬೆಣೆ ಬಡಿದು ಹಲಗೆಗಳನ್ನು ಕೂಡಿಸಿದ್ದಾರೆ. ಬೆಣೆ ಹೊಡೆದು ತೆಗೆದರೆ ಪಕ್ಕ, ತಳ, ಮುಚ್ಚಳ ಎಲ್ಲ ಬೇರೆಬೇರೆಯಾಗಿ ಗಾಡಿಯಲ್ಲಿ ಆರಾಮವಾಗಿ ಹೋಗುತ್ತವೆ. ಎಂಥ ಜಾಣತನ ನೋಡಿ ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಹೇಳಿದ್ದೆ. ಆದರೆ ನಮ್ಮ ಜನ ಒಂದು ಅನುಕೂಲ ಮಾಡಿಟ್ಟರೆ, ಅದನ್ನು ಬಳಸದಂತೆ ಒಂದು ಪದ್ಧತಿಯನ್ನೂ ಜೊತೆಗೇ ಮಾಡಿಡುತ್ತಾರೆ. ಹೆಂಡತಿಯ ತವರಿನಲ್ಲಿ ಪದ್ಧತಿ ಹೀಗೆ: ಮದುವೆಯಾದ ಮೇಲೆ ಸಂದೂಕದ ಹಲಗೆಗಳು ಗಂಡನ ಮನೆಗೆ ಬರುತ್ತವೆ. ಹೆಣ್ಣಿನ ತಾಯಿ ತನ್ನ ಕೈಯಾರೆ ಅವನ್ನು ಕೂಡಿಸಿ, ಬೆಣೆ ಬಡಿದು, ಅರಿಷಿಣ ಕುಂಕುಮ ಹಚ್ಚಿ, ಒಳಗೆ ಒಂದು ಮಡಿಲು ಜೋಳ ಹಾಕಿ ಹೋಗುತ್ತಾಳೆ. ಆಮೇಲೆ ಆ ಬೆಣೆಗಳನ್ನು ಯಾರೂ ಮುಟ್ಟಬಾರದು. ಗಂಡನ ಮನೆಯಲ್ಲಿ ಸಂದೂಕ ಬಿಚ್ಚಿದಳೆಂದರೆ, ಅವಳು ಆ ಮನೆ ಬಿಟ್ಟು ತವರಿಗೆ ಹೊರಟಳೆಂದೇ ಲೆಕ್ಕ. ಇದು ಬರೀ ಮಾತಲ್ಲ. ಹೆಂಡತಿಯ ಸೋದರತ್ತೆಯೊಬ್ಬಳನ್ನು ಝಳಕಿಗೆ ಕೊಟ್ಟಿದ್ದರು. ಗಂಡ ಒಳ್ಳೆಯವನಿರಲಿಲ್ಲ. ಒಂದು ಮಧ್ಯಾಹ್ನ ಅವಳು ಚಡಚಣದ ಬಜಾರದ ನಡುವೆ ಹಲಗೆ ತುಂಬಿದ ಗಾಡಿಯ ಹಿಂದೆ ನಡೆದು ಬಂದಳಂತೆ. ಯಾರೂ ಯಾಕೆಂದು ಕೇಳಲಿಲ್ಲ. ಹಲಗೆ ನೋಡಿದ ಕೂಡಲೇ ಊರಿಗೆಲ್ಲ ತಿಳಿಯಿತು.

ನಾನು ಕಚೇರಿಯ ಕಾರಕೂನ. ಸರಕಾರಕ್ಕೆ ನನ್ನ ಮೇಲೆ ವಿಶೇಷ ಪ್ರೀತಿ ಇದ್ದದ್ದರಿಂದ ಒಂದೇ ಊರಲ್ಲಿ ಬಹಳ ದಿನ ಇರಲು ಬಿಡಲಿಲ್ಲ. ಮದುವೆಯಾದಾಗ ಮುದ್ದೇಬಿಹಾಳದಲ್ಲಿದ್ದೆ. ಅಲ್ಲಿಂದ ಸಿಂದಗಿಗೆ ಬದಲಿ ಆದಾಗ, ಈ ಪದ್ಧತಿಯ ಆಳ ಅರಿಯದೆ, "ಸಾವಂತ್ರಿ, ನಾಕ ಬೆಣಿ ತಗದ್ರ ಆತಲ್ಲ" ಎಂದೆ. ಹಾಸಿಗೆ ಸುತ್ತುತ್ತಿದ್ದ ನನ್ನ ಹೆಂಡತಿ ಕೈಬಿಟ್ಟಳು. ಹಾಸಿಗೆ ಉರುಳಿ ಮತ್ತೆ ಬಿಚ್ಚಿಕೊಂಡಿತು. "ನಾ ಏನ್ ತಪ್ಪ ಮಾಡೇನ್ರಿ" ಎಂದು ಸಣ್ಣ ದನಿಯಲ್ಲಿ ಕೇಳಿದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಹೆದರಿ, ಬೀದಿಗೆ ಹೋಗಿ ಸಿಕ್ಕಸಿಕ್ಕ ಗಂಡಸರನ್ನೆಲ್ಲ ಕರೆದು ತಂದು, ಸಂದೂಕವನ್ನು ಇಡಿಯಾಗಿಯೇ ಗಾಡಿಗೆ ಏರಿಸಿದೆ. ಏರಿಸಿದವರು ಸೊಂಟ ಹಿಡಿದುಕೊಂಡು, "ಕಾರಕೂನ್ರ, ಒಳಗ ಯಾರರ ಮಲಗ್ಯಾರೇನ್ರಿ" ಎಂದು ಕೇಳಿದರು.

ಆಮೇಲೆ ನನ್ನ ಬಾಳೆಲ್ಲ ಬಾಗಿಲುಗಳ ಸುತ್ತ ತಿರುಗತೊಡಗಿತು. ಬೇರೆಯವರು ಬಾಡಿಗೆ ಮನೆ ನೋಡುವಾಗ ಬಾವಿಯ ನೀರು ಸಿಹಿಯೋ ಉಪ್ಪೋ, ನೆರೆಹೊರೆ ಹೇಗೆ ಎಂದು ವಿಚಾರಿಸುತ್ತಾರೆ. ನಾನು ಸಂದೂಕದ ಅಗಲಕ್ಕೆ ಗಂಟು ಹಾಕಿದ ಒಂದು ಹಗ್ಗ ಹಿಡಿದು ಹೋಗಿ ಬಾಗಿಲು ಅಳೆಯುತ್ತಿದ್ದೆ. ನಮ್ಮ ಕಡೆಯ ಬಾಗಿಲುಗಳು ಸಣ್ಣವು, ಗಿಡ್ಡ. ಬಿಸಿಲು ಒಳಗೆ ಬರಬಾರದು, ಮನುಷ್ಯ ಬಂದರೆ ತಲೆಬಾಗಿ ಬರಬೇಕು ಎಂದು ಹಾಗೆ ಇಟ್ಟಿರುತ್ತಾರೆ. ನಾವು ತಲೆ ಬಾಗಿಸಬಹುದು. ಸಂದೂಕಕ್ಕೆ ತಲೆ ಬಾಗಿಸಿ ಗೊತ್ತಿಲ್ಲ, ಮಾವನವರ ಹಾಗೆಯೇ. ಸಿಂದಗಿಯಲ್ಲಿ ಎಷ್ಟು ಹುಡುಕಿದರೂ ಹಗ್ಗದ ಗಂಟಿಗೆ ಸರಿಯಾದ ಬಾಗಿಲು ಸಿಕ್ಕದ್ದು ಒಂದೇ ಮನೆಗೆ. ಅದು ಮೊದಲು ಎತ್ತು ಕಟ್ಟುವ ಕೊಟ್ಟಿಗೆಯಾಗಿತ್ತಂತೆ. ಸುಣ್ಣ ಬಳಿದು, ನೆಲ ಸಾರಿಸಿ ಕೊಟ್ಟರು. ನಾವಿದ್ದಷ್ಟು ದಿನವೂ ಮಾಲಕರ ಎತ್ತೊಂದು ದೀಪ ಹಚ್ಚುವ ಹೊತ್ತಿಗೆ ಬಂದು ಹೊಸ್ತಿಲ ಹೊರಗೆ ನಿಂತು ನನ್ನನ್ನೇ ನೋಡುತ್ತಿತ್ತು. ನಾನು ಅದರ ಜಾಗದಲ್ಲಿ ಕೂತು ಊಟ ಮಾಡುತ್ತಿದ್ದೇನೆಂಬ ಸಂಕೋಚದಿಂದ ಎಷ್ಟೋ ಸಲ ಅರ್ಧ ರೊಟ್ಟಿ ಅದಕ್ಕೆ ಕೊಟ್ಟಿದ್ದೇನೆ.

ಸಿಂದಗಿಯಿಂದ ಇಂಡಿಗೆ ಬಂದಾಗ ದೇವರು ಕಣ್ಣು ತೆರೆದ. ನಿಂಬೆಹಣ್ಣಿನ ವ್ಯಾಪಾರಿ ಹುಸೇನಸಾಬರ ಮನೆಯ ಹಿಂಭಾಗ ಬಾಡಿಗೆಗೆ ಸಿಕ್ಕಿತು. ನಿಂಬೆಹಣ್ಣಿನ ಬುಟ್ಟಿಗಳನ್ನು ಹೊತ್ತು ಓಡಾಡಲೆಂದು ಅವರ ಅಜ್ಜನ ಕಾಲದಲ್ಲೇ ದೊಡ್ಡ ಬಾಗಿಲು ಇಡಿಸಿದ್ದರು. ಹಗ್ಗ ಹಿಡಿದು ನೋಡಿದರೆ ಗಂಟಿನ ಆಚೆಗೂ ಜಾಗ ಉಳಿಯಿತು. ನಾನು ಹಗ್ಗವನ್ನು ಕಣ್ಣಿಗೊತ್ತಿಕೊಂಡದ್ದನ್ನು ನೋಡಿ ಹುಸೇನಸಾಬರು, "ಮನಿ ನೋಡಾಕ ಬಂದಾರೋ, ಹರಕಿ ತೀರಸಾಕ ಬಂದಾರೋ" ಎಂದು ಹೆಂಡತಿಯನ್ನು ಕೇಳಿದರಂತೆ. ಹುಸೇನಸಾಬರು ಒಳ್ಳೆಯವರು. ಮನೆಯೆಲ್ಲ ನಿಂಬೆಹಣ್ಣಿನ ವಾಸನೆ. ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ಬರ ಬರಲಿಲ್ಲ. ಬೇಡಬೇಡವೆಂದರೂ ವಾರಕ್ಕೊಮ್ಮೆ ಒಂದು ಉಡಿ ಹಣ್ಣು ತಂದು ಸಂದೂಕದ ಮೇಲೆ ಸುರಿದು ಹೋಗುತ್ತಿದ್ದರು.

ಒಂದು ಪಂಚಮಿಗೆ ಹೆಂಡತಿಯನ್ನು ಕರೆದುಕೊಂಡು ಚಡಚಣಕ್ಕೆ ಹೋಗಿದ್ದೆ. ಮರಳಿ ಬಂದು ನೋಡಿದರೆ ದೊಡ್ಡ ಬಾಗಿಲು ಇದ್ದ ಜಾಗದಲ್ಲಿ ಕಲ್ಲು ಮಣ್ಣಿನ ಗಟ್ಟಿ ಗೋಡೆ ನಿಂತಿತ್ತು. ಆ ಬಾಗಿಲಿನ ಮೇಲಿನ ಮಾಳಿಗೆಯ ತೊಲೆ ಬಾಗಿತ್ತಂತೆ. ನಾವು ಒಳಗಿದ್ದಾಗ ತಲೆಯ ಮೇಲೆ ಬಿದ್ದೀತೆಂದು ಹೆದರಿ ಹುಸೇನಸಾಬರು ಅದರ ಕೆಳಗೆ ಗೋಡೆ ಎಬ್ಬಿಸಿ, ನಮ್ಮ ಓಡಾಟಕ್ಕೆ ಪಕ್ಕದಲ್ಲಿ ಒಂದು ಸಣ್ಣ ಬಾಗಿಲು ಇಡಿಸಿದ್ದರು. ಸಂದೂಕ ಒಳಗಿತ್ತು. ನಾನು ನೋಡಿದೆ, ಹೆಂಡತಿಯೂ ನೋಡಿದಳು. ಬದಲಿ ಬಂದಾಗ ನೋಡಿದರಾಯಿತು ಎಂದು ನಾನು ಮನಸ್ಸಿನಲ್ಲೇ ಆ ಕಡತವನ್ನು ಬದಿಗಿಟ್ಟೆ. ಕಚೇರಿಯಲ್ಲಿ ಕಲಿತ ವಿದ್ಯೆ ಮನೆಯಲ್ಲೂ ಉಪಯೋಗಕ್ಕೆ ಬರುತ್ತದೆ.

ಬದಲಿ ಬಂತು. ಬಸವನ ಬಾಗೇವಾಡಿಗೆ, ಕೂಡಲೇ ಹಾಜರಾಗಬೇಕೆಂದು. ಹುಸೇನಸಾಬರ ಹತ್ತಿರ ಹೋಗಿ, ಗೋಡೆ ಒಂದಿಷ್ಟು ಒಡೆದು ಮತ್ತೆ ಕಟ್ಟಿಸಿಕೊಡುತ್ತೇನೆ ಎಂದೆ. ಅವರು ಪಾಪ ಎದ್ದು ನಿಂತು, "ಒಡೀರಿ ಕಾರಕೂನ್ರ, ನಿಮ್ಮಕಿಂತ ಹೆಚ್ಚೇನ್ರಿ ಗ್ವಾಡಿ. ಆದ್ರ ತೊಲಿ ಈಗ ಅದರ ಮ್ಯಾಲ ಕುಂತೈತಿ. ಗ್ವಾಡಿ ಹೋದ್ರ ಮಾಳಗಿ ಬರ್ತೈತಿ" ಎಂದರು. ಸಣ್ಣ ಬಾಗಿಲಿಗೆ ಹಗ್ಗ ಹಿಡಿದರೆ ಗಂಟು ಎಲ್ಲೋ ಹೊರಗೆ ಉಳಿಯಿತು. ಸಂದೂಕವನ್ನು ಅಡ್ಡ ಮಾಡಿದೆವು, ಎತ್ತಿ ನಿಲ್ಲಿಸಿದೆವು, ಮೂಲೆ ಮೊದಲು ತೂರಿಸಿ ನೋಡಿದೆವು. ಒಮ್ಮೆ ಅದು ಬಾಗಿಲಲ್ಲೇ ಸಿಕ್ಕಿಕೊಂಡು ನಾನು ಹೊರಗೆ, ಹೆಂಡತಿ ಒಳಗೆ ಉಳಿದು, ಬೆಳಗಿನ ಚಹಾವನ್ನು ಅವಳು ಕಿಟಕಿಯಿಂದ ಕೊಡಬೇಕಾಯಿತು. ಎಳೆದಾಡಿ ಮತ್ತೆ ಒಳಗೆ ತಳ್ಳಿದೆವು. ಸಂದೂಕಕ್ಕೆ ಒಂದು ಗೆರೆಯೂ ಬೀಳಲಿಲ್ಲ. ಬಾಗಿಲಿನ ಚೌಕಟ್ಟು ಮಾತ್ರ ಸಡಿಲಾಯಿತು.

ಹೊರಡುವ ಹಿಂದಿನ ದಿನದ ಬೆಳಗ್ಗೆ ನನ್ನ ತಾಳ್ಮೆಯೂ ಸಡಿಲಾಯಿತು. ಬೆಣೆಯ ಮಾತು ಎತ್ತಲು ಧೈರ್ಯವಿಲ್ಲ, ಸಂದೂಕ ಬಿಟ್ಟು ಹೋಗೋಣವೆಂದರೆ ಅವಳು ಕೇಳುವುದಿಲ್ಲ. ಕೋಟು ತೊಟ್ಟು ಹೊರಗೆ ಹೊರಟವನು ಬಾಗಿಲಲ್ಲಿ ತಿರುಗಿ ನಿಂತು, "ಹಂಗಾರ ನೀನೂ ನಿನ್ನ ಸಂದೂಕಾನೂ ಇಲ್ಲೇ ಇರ್ರಿ. ನಾ ಒಬ್ಬಾಂವ ಹೋಗ್ತೇನಿ" ಎಂದುಬಿಟ್ಟೆ. ಸಾವಂತ್ರಿ ನನ್ನ ಮುಖವನ್ನೊಮ್ಮೆ, ಸಂದೂಕವನ್ನೊಮ್ಮೆ ನೋಡಿ, "ಆತು" ಎಂದಳು. ಅಷ್ಟೇ. ಲಗ್ನವಾದ ಗಂಡಸರಿಗೆ ನಾನು ಹೇಳಬೇಕಾದ್ದಿಲ್ಲ. ಹೆಂಡತಿ ಹತ್ತು ಮಾತು ಆಡಿದರೆ ಮನೆ ಸುರಕ್ಷಿತವಾಗಿದೆ ಎಂದು ತಿಳಿಯಬೇಕು. ಒಂದೇ ಮಾತು ಆಡಿದರೆ ಎಲ್ಲಿಗೂ ಹೋಗದೆ ಅಲ್ಲೇ ಕೂಡಬೇಕು. ನಾನು ಕೂಡಲಿಲ್ಲ, ಕಚೇರಿಗೆ ಹೋದೆ.

ಕಚೇರಿಯಲ್ಲಿ ಚಾರ್ಜು ಒಪ್ಪಿಸುವ ಕೆಲಸ. ಕೈ ಕಾಗದ ತಿರುಗಿಸುತ್ತಿತ್ತು, ಕಿವಿಯಲ್ಲಿ ಆ "ಆತು" ತಿರುಗುತ್ತಿತ್ತು. ಆಗ ನನಗೆ ತಪಕೀರ, ಅಂದರೆ ನಶ್ಯ, ಏರಿಸುವ ಚಟ ಬಹಳ. ಅಂದು ಮಧ್ಯಾಹ್ನದೊಳಗೆ ಡಬ್ಬಿ ಖಾಲಿಯಾಗಿ, ಸೀನಿ ಸೀನಿ ಮೂಗು ಕೆಂಪಾಗಿ, ನೋಡಿದವರೆಲ್ಲ ಇಂಡಿ ಬಿಟ್ಟು ಹೋಗುವ ದುಃಖಕ್ಕೆ ಅಳುತ್ತಿದ್ದೇನೆಂದು ತಿಳಿದು ಸಮಾಧಾನ ಮಾಡಿದರು. ಬಿಸಿಲು ಇಳಿಯುವ ಮೊದಲೇ ಮನೆಯ ದಾರಿ ಹಿಡಿದೆ. ಓಣಿ ತಿರುಗಿದವನೇ ನಿಂತುಬಿಟ್ಟೆ.

ಮನೆಯ ಮುಂದೆ ಒಂದು ಎತ್ತಿನ ಗಾಡಿ. ಗಾಡಿಯ ಪಕ್ಕದಲ್ಲಿ ಗೋಡೆಗೆ ಆನಿಸಿದ ಸಾಗವಾನಿ ಹಲಗೆಗಳು. ಮುಚ್ಚಳ, ತಳ, ಪಕ್ಕ, ಎಲ್ಲ. ಗಾಡಿಯ ಮೂಗು ಚಡಚಣದ ದಾರಿಗೆ ತಿರುಗಿತ್ತು. ಹುಸೇನಸಾಬರು ಕಟ್ಟೆಯ ಮೇಲೆ ಕೂತು ತಲೆ ತಗ್ಗಿಸಿ ನಿಂಬೆಹಣ್ಣು ಆರಿಸುತ್ತಿದ್ದರು. ದಿನವೂ ದೂರದಿಂದಲೇ ಸಲಾಮು ಹೇಳುವವರು ಅಂದು ತಲೆ ಎತ್ತಲಿಲ್ಲ. ತಮ್ಮ ಗೋಡೆಯಿಂದ ಇಷ್ಟೆಲ್ಲ ಆಯಿತೆಂದು ಅವರು ನಾಚಿಕೊಂಡಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ. ಆಗ ನನ್ನ ಕಣ್ಣಿಗೆ ಕಂಡದ್ದು ಝಳಕಿಯ ಸೋದರತ್ತೆ ಮಾತ್ರ. ಊರಿಗೂರೇ ಹಲಗೆ ನೋಡಿ ತಿಳಿದುಕೊಂಡಿದೆ, ನನಗೆ ಮುಖ ಕೊಡಲು ಯಾರಿಗೂ ಮನಸ್ಸಿಲ್ಲ ಎಂದುಕೊಂಡೆ. ಸಂಸಾರ ಇಷ್ಟು ಬೇಗ ಹಲಗೆಹಲಗೆಯಾಗಿ ಗೋಡೆಗೆ ಆನಿಕೊಳ್ಳುತ್ತದೆಂದು ನನಗೆ ಗೊತ್ತಿರಲಿಲ್ಲ.

ಸಾವಂತ್ರಿ ಹೊರಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಲಟ್ಟಣಿಗೆ ಹಿಡಿದಿದ್ದಳು. ಅಡುಗೆಯ ಸಾಮಾನು ಕಟ್ಟುತ್ತಿದ್ದಾಳೆಂದುಕೊಂಡೆ. ಆ ಹೊತ್ತಿಗೆ ಅದರಿಂದ ನಾಲ್ಕು ಏಟು ಹಾಕಿದ್ದರೂ ಉಪಕಾರವೆನ್ನುತ್ತಿದ್ದೆ. ನನ್ನ ಬಾಯಿ ತಾನಾಗಿಯೇ ಓಡತೊಡಗಿತು. "ಸಾವಂತ್ರಿ, ಬದ್ಲಿ ರದ್ದ ಮಾಡಸ್ತೇನಿ. ಆಗಲಿಲ್ಲಂದ್ರ ನೌಕರಿ ಬಿಡ್ತೇನಿ. ಇಲ್ಲೇ ನಿಂಬಿಕಾಯಿ ಮಾರ್ತೇನಿ. ನಿಮ್ಮಪ್ಪನ ಬಗ್ಗೆ ಒಂದ ಮಾತ ಆಡೂದಿಲ್ಲ. ಸಂದೂಕದ ಹೆಸರ ಎತ್ತೂದಿಲ್ಲ. ತಪಕೀರ ಬಿಡ್ತೇನಿ" ಎಂದೆ. ಇನ್ನೂ ಏನೇನು ಬಿಡುತ್ತಿದ್ದೆನೋ, ಅಷ್ಟರಲ್ಲಿ ಉಸಿರು ತೀರಿತು. ಅವಳು ಪೂರ್ತಿ ಕೇಳಿಸಿಕೊಂಡಳು.

"ಮುಗೀತೇನ್ರಿ? ಗಾಡಿಯಾಂವ ಆವಾಗಿಂದ ಕಾಯಾಕತ್ತಾನ. ಇಂಡಿ ರೋಡ್ ಸ್ಟೇಷನ್‌ಕ ಹಲಗಿ ಇವತ್ತ ಮುಟ್ಟಸಬೇಕು, ನಾಳಿನ ರೈಲಗಾಡಿಗೆ ಹಾಕಬೇಕು" ಎಂದಳು.

"ತವರಿಗೆ ಅಲ್ಲೇನು" ಎಂದೆ.

"ತವರಿಗ್ಯಾಕ ಹೋಗ್ಲಿ, ಪಂಚಮಿಗೆ ಹೋಗಿ ಬಂದೇನಲ್ಲ."

ಚಡಚಣದ ದಾರಿಯೂ ಸ್ಟೇಷನ್ನಿನ ದಾರಿಯೂ ಊರು ದಾಟುವವರೆಗೆ ಒಂದೇ ಎಂಬುದು ಇಷ್ಟು ದಿನ ಇಂಡಿಯಲ್ಲಿದ್ದ ನನಗೆ ಆಗ ನೆನಪಾಯಿತು. ಗಾಡಿಯ ಮೂಕಿಯ ಮೇಲೆಯೇ ಕೂತೆ. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎತ್ತು ಹಿಂದಿರುಗಿ ನೋಡಿತು. ಸಿಂದಗಿಯ ಎತ್ತು ನೋಡಿದ ಹಾಗೆಯೇ ನೋಡಿತು. ಸಾವಂತ್ರಿ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ, ತಾನು ಮೂರು ದಿನ ವಿಚಾರ ಮಾಡಿದ್ದನ್ನು ಹೇಳಿದಳು. "ಝಳಕಿ ನಮ್ಮತ್ತಿ ಗಾಡಿ ಹಿಂದ ಅಕಿ ಒಬ್ಬಾಕೀನ ಇದ್ಲು. ಹಂಗಾಗಿ ಜನಾ ಹಂಗ ತಿಳಕೊಂಡ್ರು. ನಮ್ಮ ಗಾಡಿ ಮುಂದ ನೀವು ನಡೀರಿ, ಹಿಂದ ನಾ ಬರ್ತೇನಿ. ನೋಡಾವ್ರಿಗೆ ತಿಳೀತೈತಿ." ಆಮೇಲೆ ಕುಬಸದ ಕಣದಲ್ಲಿ ಸುತ್ತಿದ ನಾಲ್ಕು ಬೆಣೆಗಳನ್ನು ನನ್ನ ಕೈಯಲ್ಲಿಟ್ಟು, "ಇವು ನಿಮ್ಮ ಕಡೆ ಇರ್ಲಿ. ಬಾಗೇವಾಡ್ಯಾಗ ನೀವು ಕೊಟ್ರ ಕೂಡಸ್ತೇನಿ" ಎಂದಳು. ಬೆಳಗ್ಗೆ ನಾನಾಡಿದ ಮಾತಿಗೆ ಅವಳು ಕೊಟ್ಟ ಉತ್ತರ ಅದೊಂದೇ. ಅದಕ್ಕಿಂತ ದೊಡ್ಡ ಉತ್ತರ ನನಗೆ ಬೇಕಾಗಿಯೂ ಇರಲಿಲ್ಲ.

ಗಾಡಿ ಹೊರಟಿತು. ಹಲಗೆಗಳು ಆ ಸಣ್ಣ ಬಾಗಿಲಿನಿಂದ ಎಷ್ಟು ಸುಲಭವಾಗಿ ಬಂದಿದ್ದವೆಂದರೆ, ಇಷ್ಟು ವರ್ಷ ಸೊಂಟ ಹಿಡಿದುಕೊಂಡ ಅಷ್ಟೂ ಜನರ ಕ್ಷಮೆ ಕೇಳಬೇಕೆನ್ನಿಸಿತು. ನಾನು ಎತ್ತುಗಳ ಮುಂದೆ, ಬೆಣೆಯ ಗಂಟನ್ನು ಎಲ್ಲರಿಗೂ ಕಾಣುವಂತೆ ಎದೆಗೆ ಹಿಡಿದುಕೊಂಡು, ಇಂಡಿಯ ಬಜಾರದಲ್ಲಿ ನಡೆದೆ. ಅಷ್ಟು ಹಗುರವಾಗಿ ನಾನು ನನ್ನ ಲಗ್ನದ ಮೆರವಣಿಗೆಯಲ್ಲೂ ನಡೆದಿರಲಿಲ್ಲ. ಹುಸೇನಸಾಬರು ಊರ ಹೊರಗಿನವರೆಗೆ ಕಳಿಸಲು ಬಂದರು. ಒಂದು ಬುಟ್ಟಿ ನಿಂಬೆಹಣ್ಣು ಹಲಗೆಗಳ ಮೇಲಿಟ್ಟು, ನನ್ನ ಕೈ ಹಿಡಿದುಕೊಂಡು, "ಕಾರಕೂನ್ರ, ತಪಕೀರ ಬಿಡ್ತೇನಂದ್ರಿ. ನಾನೂ ಕೇಳೇನಿ, ಓಣ್ಯಾನ ಮಂದೀನೂ ಕೇಳ್ಯಾರ" ಎಂದರು. ಉಳಿದ ವಚನಗಳನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಅದೊಂದು ಮಾತ್ರ ನನ್ನ ಕೊರಳಿಗೆ ಬಿತ್ತು. ಬಿಟ್ಟೆ. ಈಗ ಸೀನು ಬಂದರೆ ಬರೀ ನೆಗಡಿಗೆ.

ಬಾಗೇವಾಡಿಯಲ್ಲಿ ಹಗ್ಗವಿಲ್ಲದೆ ಮನೆ ಹುಡುಕಿದೆ. ಮೊದಲ ಸಲ ಬಾವಿಯ ನೀರು ಕುಡಿದು ನೋಡಿದೆ. ಅತ್ತೆಯವರು ಅಲ್ಲಿ ಇಲ್ಲದ್ದರಿಂದ ಸಾವಂತ್ರಿಯೇ ಹಲಗೆ ಕೂಡಿಸಿದಳು. ನಾನು ಒಂದೊಂದಾಗಿ ಬೆಣೆ ಕೊಟ್ಟು, ಸುತ್ತಿಗೆ ತೆಗೆದುಕೊಂಡು ನಾನೇ ಬಡಿದೆ. ಎಷ್ಟು ಬಡಿದೆನೆಂದರೆ ಅವಳು, "ಸಾಕ್ರಿ, ಸೀಳೀತು" ಎಂದು ಕೈ ಹಿಡಿದಳು. ಅರಿಷಿಣ ಕುಂಕುಮ ಹಚ್ಚಿ ಒಂದು ಮಡಿಲು ಜೋಳ ಹಾಕಿದಳು. ಆಮೇಲೆ ಸರಕಾರ ನನ್ನನ್ನು ಮರೆತುಬಿಟ್ಟದ್ದರಿಂದ ಆ ಸಂದೂಕ ಈಗಲೂ ಇಲ್ಲೇ ಬಾಗೇವಾಡಿಯಲ್ಲಿದೆ, ಈ ಮಾತು ಬರೆಯುವಾಗ ನಾನು ಕೂತಿರುವುದೂ ಅದರ ಮೇಲೆಯೇ. ಆದರೆ ಮನುಷ್ಯನ ಮನಸ್ಸು ಸಂದೂಕದಷ್ಟು ಗಟ್ಟಿಯಲ್ಲ. ಬೆಣೆ ಕಿತ್ತರೆ ಸಂದೂಕ ಎಷ್ಟು ಬೇಗ ಹಲಗೆಯಾಗುತ್ತದೆಂದು ಒಮ್ಮೆ ನೋಡಿದವನಿಗೆ ಮರೆಯಲಾದೀತೇ? ಮರುದಿನವೇ ಸುತ್ತಿಗೆಯನ್ನು ಧೋತರದ ಮರೆಯಲ್ಲಿ ಒಯ್ದು ಕಚೇರಿಯ ಕಪಾಟಿನಲ್ಲಿ, ಹಳೆಯ ಕಡತಗಳ ಹಿಂದೆ ಇಟ್ಟೆ. ಅಂದಿನಿಂದ ನಮ್ಮ ಮನೆಯಲ್ಲಿ ಮೊಳೆ ಬಡಿಯಬೇಕಾದರೆ ಕಲ್ಲಿನಿಂದ. ನನ್ನ ಹೆಬ್ಬೆರಳಿನ ಉಗುರು ಹಲವು ಸಲ ಕಪ್ಪಾಗಿದೆ. ಆದರೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಮೊನ್ನೆ ಹೊಸ ಕ್ಯಾಲೆಂಡರ್ ತೂಗುಹಾಕಲು ನಾನು ಹಿತ್ತಲಿಂದ ಕಲ್ಲು ಆರಿಸಿ ತರುವುದನ್ನು ನೋಡಿ ಸಾವಂತ್ರಿ ಕೇಳಿದಳು, "ಏನ್ರಿ, ಆ ಸುತ್ತಿಗಿ ಕಚೇರಿ ಕಪಾಟಿನ್ಯಾಗ ಇನ್ನೂ ಎಷ್ಟ ವರ್ಷ ಇರೂದು?" ಕಚೇರಿಯ ಸಿಪಾಯಿ ಎಂದೋ ಹೇಳಿದ್ದನಂತೆ. ನಾನು ಕಲ್ಲು ಕೆಳಗಿಟ್ಟು, ಸುಳ್ಳು ಹುಡುಕಿ, ಸಿಗದೆ, ಸಂದೂಕದ ಕಡೆ ನೋಡಿದೆ. ಅವಳಿಗೆ ತಿಳಿಯಿತು. ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ನಕ್ಕಳು.

"ಅಷ್ಟಕ್ಕ ಮುಚ್ಚಿಟ್ಟೀರೇನು? ಅವತ್ತ ಇಂಡ್ಯಾಗ ನಾನೂ ಸುತ್ತಿಗಿ ಹುಡುಕಿದೆ, ಗಂಟಿನ್ಯಾಗ ಎಲ್ಲೋ ಕಟ್ಟಿತ್ತು, ಸಿಗಲಿಲ್ಲ. ಲಟ್ಟಣಿಗಿಲೇ ನಾಕ ಏಟ ಹಾಕಿದೆ, ಬಂದು ಬಿಟ್ವು."

ಆ ಲಟ್ಟಣಿಗೆಯೂ ಅವಳ ತವರಿನಿಂದಲೇ ಬಂದದ್ದು, ಅದೇ ಸಾಗವಾನಿಯ ಉಳಿದ ತುಂಡಿನಲ್ಲಿ ಮಾಡಿಸಿದ್ದು, ಅದಕ್ಕೂ ಇನ್ನೂ ಒಂದು ಗೆರೆ ಬಿದ್ದಿಲ್ಲ. ಇಷ್ಟು ವರ್ಷ ದಿನಾಲೂ ನನ್ನ ಕಣ್ಣೆದುರಿಗೇ ಗೋಡೆಗೆ ತೂಗುತ್ತಿತ್ತು. ಮರುದಿನ ಸುತ್ತಿಗೆಯನ್ನು ಮರಳಿ ಮನೆಗೆ ತಂದಿಟ್ಟೆ. ಲಟ್ಟಣಿಗೆಯನ್ನು ಕಚೇರಿಗೆ ಒಯ್ಯುವಂತಿಲ್ಲ, ಮನೆಯಲ್ಲಿ ಚಪಾತಿ ಆಗಬೇಕು. ಅಂದು ರಾತ್ರಿ ತಾಟಿಗೆ ಬಿದ್ದ ಚಪಾತಿ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಇತ್ತು. ಮೊದಲಾಗಿದ್ದರೆ ನಮ್ಮ ಜಿಲ್ಲೆಯ ನಕಾಶೆ ಎಂದು ಹಂಗಿಸುತ್ತಿದ್ದೆ. ಈಗ ನಾನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, "ಭಾಳ ದುಂಡಗ ಬಂದೈತಿ" ಎಂದು ಹೇಳಿ, ಸುಮ್ಮನೆ ತಿಂದೆ.